ಮೂರು ಊರು ಸಾಕು
(ಸುವರ್ಣ ಮಹೋತ್ಸವದ ಹಿರಿಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಹಿರಿಯ ವಿದ್ಯಾರ್ಥಿಗಳು ಕೂಡಿಸಿದ ಹಣದಲ್ಲಿ ಒಂದು ಭಾಗವನ್ನು ಈ ವರ್ಷದ ಒಂಬತ್ತನೇ ತರಗತಿಯ ಮಕ್ಕಳ ಭಾರತ ಪ್ರವಾಸಕ್ಕೆ ಇಡುವುದೆಂದು ಸಮಿತಿ ತೀರ್ಮಾನಿಸಿದೆ. ನಾನು ರೈಲ್ವೆಯಲ್ಲಿ ಮೂವತ್ತೆರಡು ವರ್ಷ ಟಿಕೆಟ್ ತಪಾಸಣೆ ಮಾಡಿದವನಾದ್ದರಿಂದ ಯಾವ ಯಾವ ಊರಿಗೆ ಹೋಗಬೇಕೆಂದು ಗೊತ್ತುಮಾಡುವ ಕೆಲಸ ನನ್ನ ಪಾಲಿಗೆ ಬಂತು. ನಾನು ಕೆಲಸಕ್ಕೆ ಸೇರಿದಾಗ ಚಾಮರಾಜನಗರಕ್ಕೆ ಬರುತ್ತಿದ್ದುದು ಮೀಟರ್ ಗೇಜ್ ರೈಲು. ಈಗ ಬ್ರಾಡ್ ಗೇಜ್ ಆಗಿದೆ, ತಿರುಪತಿಗೇ ನೇರ ರೈಲಿದೆ. ಆದರೂ ನಮ್ಮ ಮಕ್ಕಳಲ್ಲಿ ಅರ್ಧದಷ್ಟು ಜನ ಇನ್ನೂ ರೈಲು ಹತ್ತಿಲ್ಲ. ಚೆಕ್‌ಪೋಸ್ಟಿನಲ್ಲಿ ನಿಲ್ಲುವ ಲಾರಿಗಳ ನಂಬರು ನೋಡಿ ಇದು ಯಾವ ರಾಜ್ಯದ್ದು ಎಂದು ಹೇಳುವುದರಲ್ಲಿ ಮಾತ್ರ ಅವರನ್ನು ಮೀರಿಸುವವರಿಲ್ಲ.

ಸಮಿತಿಯ ಸಭೆಯಲ್ಲಿ ಒಬ್ಬೊಬ್ಬರು ಒಂದೊಂದು ಊರು ಹೇಳಿದರು. ದೆಹಲಿ, ಆಗ್ರಾ, ಮಥುರಾ, ಜೈಪುರ, ಹರಿದ್ವಾರ, ಋಷಿಕೇಶ, ಅಮೃತಸರ, ಪ್ರಯಾಗ, ಕಾಶಿ. ಒಟ್ಟು ಒಂಬತ್ತು. ಇರುವುದು ಹತ್ತು ದಿನ. ಬೆಂಗಳೂರಿನಿಂದ ದೆಹಲಿಗೆ ಸುಮಾರು 2,400 ಕಿ.ಮೀ.; ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ಎರಡು ರಾತ್ರಿ, ಒಂದು ಹಗಲು. ಹೋಗಿ ಬರುವುದಕ್ಕೇ ನಾಲ್ಕು ದಿನ ತೆಗೆದಿಡಿ. ಉಳಿದ ಆರು ದಿನದಲ್ಲಿ ಒಂಬತ್ತು ಊರು ಅಂದರೆ ಮಕ್ಕಳು ನೋಡುವುದು ಬಸ್ಸಿನ ಮುಂದಿನ ಸೀಟಿನ ಬೆನ್ನನ್ನು. ಅಮೃತಸರ ದೆಹಲಿಯಿಂದ ವಾಯವ್ಯಕ್ಕೆ ಸುಮಾರು 450 ಕಿ.ಮೀ., ಕಾಶಿ ಪೂರ್ವಕ್ಕೆ ಹೆಚ್ಚುಕಡಿಮೆ 800. ಎರಡನ್ನೂ ಒಂದೇ ಪಟ್ಟಿಯಲ್ಲಿ ಬರೆಯಬಹುದು, ಒಂದೇ ವಾರದಲ್ಲಿ ನೋಡಲಾಗುವುದಿಲ್ಲ. ಕಾಶಿ ಬಿಟ್ಟಿದ್ದಕ್ಕೆ ನಮ್ಮ ಸಮಿತಿಯ ಹಿರಿಯರೊಬ್ಬರು ನನ್ನ ಮೇಲೆ ಇನ್ನೂ ಮುನಿಸಿಕೊಂಡಿದ್ದಾರೆ, ಮುಂದಿನ ಸಾಲಿನಲ್ಲೇ ಕೂತಿದ್ದಾರೆ.

ಆದ್ದರಿಂದ ನಾನು ಹೆಸರು ನೋಡಿ ಊರು ಆರಿಸಲಿಲ್ಲ, ಹಳಿ ನೋಡಿ ಆರಿಸಿದೆ. ಕರ್ನಾಟಕ ಎಕ್ಸ್‌ಪ್ರೆಸ್ ಗುಂತಕಲ್, ಕಲಬುರಗಿ, ಸೊಲ್ಲಾಪುರ, ಮನ್ಮಾಡ್, ಭುಸಾವಳ, ಭೋಪಾಲ್, ಝಾನ್ಸಿ, ಗ್ವಾಲಿಯರ್ ದಾಟಿ ಹೋಗುತ್ತದೆ. ದೆಹಲಿಗಿಂತ ಮೊದಲು ಸಿಗುವುದು ಆಗ್ರಾ. ಬಹಳ ಜನ ದೆಹಲಿಗೆ ಹೋಗಿ ಅಲ್ಲಿಂದ ಆಗ್ರಾಕ್ಕೆ ಹಿಂದಿರುಗಿ, ಮತ್ತೆ ದೆಹಲಿಗೆ ಬರುತ್ತಾರೆ. ಹೋಗುವಾಗಲೇ ಇಳಿದುಬಿಟ್ಟರೆ ಒಂದು ದಿನ ಉಳಿಯಿತು. ಇನ್ನು ರೈಲಿನಲ್ಲಿ ಕಳೆಯುವ ಹಗಲು ದಂಡ ಎಂದುಕೊಳ್ಳಬೇಡಿ. ಎತ್ತ ತಿರುಗಿದರೂ ಬೆಟ್ಟ ಕಾಣುವ ಊರಿನ ಮಕ್ಕಳು ನಾವು. ಕಲಬುರಗಿ ದಾಟಿದ ಮೇಲೆ ಗಂಟೆಗಟ್ಟಲೆ ಕಪ್ಪು ಮಣ್ಣಿನ ಬಯಲು ನೋಡುವುದೂ ಪಾಠವೇ.

ಆಗ್ರಾ ಒಂದು, ದೆಹಲಿ ಎರಡು. ಇವೆರಡಕ್ಕೆ ಯಾರ ತಕರಾರೂ ಇರಲಿಲ್ಲ. ಮೂರನೆಯದು ಭೋಪಾಲ್ ಅಂದಾಗ ಸಭೆ ಸುಮ್ಮನಾಯಿತು. “ಗ್ಯಾಸ್ ದುರಂತ ಬಿಟ್ಟರೆ ಅಲ್ಲೇನಿದೆ?” ಎಂದು ಕೇಳಿದರು. 1984ರ ಆ ರಾತ್ರಿಯನ್ನೂ ಮಕ್ಕಳು ತಿಳಿಯಬೇಕು, ಅದು ಬೇರೆ ಮಾತು. ನಾನು ಭೋಪಾಲ್ ಯಾಕೆ ಸೇರಿಸಿದೆ ಅಂದರೆ ಪೋಡಿನ ಒಬ್ಬ ಅಜ್ಜನ ಮಾತಿಗಾಗಿ.

ಒಪ್ಪಿಗೆ ಕೇಳಲು ಮೇಷ್ಟ್ರ ಜೊತೆ ಮನೆ ಮನೆಗೆ ಹೋಗಿದ್ದೆ. ಮೊಮ್ಮಗಳನ್ನು ಕಳಿಸುವುದಕ್ಕೆ ಆ ಅಜ್ಜ ಇಲ್ಲ ಅನ್ನಲಿಲ್ಲ, ಹೂಂ ಅನ್ನಲೂ ಇಲ್ಲ. ಸ್ವಲ್ಪ ಹೊತ್ತು ಬಿಟ್ಟು, “ಅಷ್ಟ್ ದೂರ ಹೋಗಿ ಏನ ನೋಡ್ಕ ಬಂದವು ಈ ಮಕ್ಕ? ಅಲ್ಲಿ ನಮ್ಮಂಗಿರೋರು ಅವ್ರಾ ಸಾ?” ಎಂದರು. ತಾಜಮಹಲಿನ ಹೆಸರು ಬಾಯಿಗೆ ಬಂತು, ಹೇಳಲಿಲ್ಲ. ಅವರು ಕೇಳಿದ್ದಕ್ಕೆ ಅದು ಉತ್ತರವಲ್ಲ.

ಭೋಪಾಲಿನ ಶಾಮಲಾ ಗುಡ್ಡದ ಮೇಲೆ ಇಂದಿರಾ ಗಾಂಧಿ ರಾಷ್ಟ್ರೀಯ ಮಾನವ ಸಂಗ್ರಹಾಲಯ ಇದೆ. ಸುಮಾರು 200 ಎಕರೆ. ಗಾಜಿನ ಪೆಟ್ಟಿಗೆಯೊಳಗಿನ ಗೊಂಬೆಗಳ ಮ್ಯೂಸಿಯಂ ಅಂದುಕೊಳ್ಳಬೇಡಿ. ದೇಶದ ಬೇರೆ ಬೇರೆ ಬುಡಕಟ್ಟಿನ ಜನರೇ ಅಲ್ಲಿಗೆ ಬಂದು ತಮ್ಮ ಊರಿನ ಮನೆಗಳನ್ನು ತಮ್ಮ ಕೈಯಿಂದಲೇ ಬಯಲಿನಲ್ಲಿ ಕಟ್ಟಿದ್ದಾರೆ. ಮಣ್ಣು, ಬಿದಿರು, ಹುಲ್ಲು, ಮರ. ಒಳಗೆ ಒಲೆ, ಕಣಜ, ಬುಟ್ಟಿ. ನೌಕರಿಯಲ್ಲಿದ್ದಾಗ ಒಂದು ದಿನ ರಜೆ ಸಿಕ್ಕಿ ನೋಡಲು ಹೋದವನು ಸಂಜೆ ಗೇಟು ಹಾಕುವವರೆಗೆ ಅಲ್ಲೇ ಇದ್ದೆ. ನಮ್ಮ ಪೋಡುಗಳಲ್ಲಿ ಹುಲ್ಲಿನ ಮನೆ ಹೋಗಿ ತಾರಸಿ ಮನೆ ಬರುತ್ತಿವೆ. ಒಳ್ಳೆಯದೇ, ಮಳೆಗೆ ಸೋರುವುದಿಲ್ಲ. ಆದರೆ ಅಜ್ಜ ಕಟ್ಟುತ್ತಿದ್ದಂಥ ಮನೆಯನ್ನು ಒಂದು ಸರ್ಕಾರ ಗುಡ್ಡದ ಮೇಲೆ ಜೋಪಾನ ಮಾಡಿಟ್ಟಿದೆ ಎಂಬುದನ್ನು ಆ ಹುಡುಗಿ ಕಣ್ಣಾರೆ ನೋಡಲಿ. ನಮ್ಮ ಬಿಳಿಗಿರಿರಂಗನಬೆಟ್ಟದ ಸೋಲಿಗರಿಗೆ 2011ರಲ್ಲಿ ಹುಲಿ ಅಭಯಾರಣ್ಯದೊಳಗೇ ಅರಣ್ಯ ಹಕ್ಕು ಸಿಕ್ಕಿದ್ದನ್ನು ದೇಶವೆಲ್ಲ ಗಮನಿಸಿತು. ಅಲ್ಲಿಯ ಜನಕ್ಕೆ ಅದನ್ನು ಹೇಳುವ ಸರದಿ ಅವಳದು.

ಅಲ್ಲಿಂದ 50 ಕಿ.ಮೀ. ಒಳಗೆ ಸಾಂಚಿ. ಅಶೋಕ ಕಟ್ಟಿಸಿದ ಸ್ತೂಪ. ಅಶೋಕನ ಹೆಸರು ಹೇಳುವ ಮಸ್ಕಿ ಶಾಸನ ನಮ್ಮ ರಾಯಚೂರು ಜಿಲ್ಲೆಯದು. ಸಮಾಜ ವಿಜ್ಞಾನದ ಮೇಷ್ಟ್ರು ಎರಡನ್ನೂ ಜೋಡಿಸಿ ಹೇಳುತ್ತಾರೆ, ನಾನು ಅವರ ಪಾಠಕ್ಕೆ ಕೈಹಾಕುವುದಿಲ್ಲ. ದೆಹಲಿಯಲ್ಲಿ ಕೆಂಪುಕೋಟೆ, ಸಂಸತ್ತು, ಮೆಟ್ರೋ ಎಲ್ಲರಿಗೂ ಗೊತ್ತಿದ್ದದ್ದೇ. ಚಾಣಕ್ಯಪುರಿಯ ರೈಲು ಮ್ಯೂಸಿಯಂ ಮಾತ್ರ ತಪ್ಪಿಸಬೇಡಿ. ಮೈಸೂರು ಮಹಾರಾಜರ ಸಲೂನ್ ಬೋಗಿ ಅಲ್ಲಿದೆ. ಮಹಾರಾಣಿಯವರದು ಮೈಸೂರಿನ ರೈಲು ಮ್ಯೂಸಿಯಂನಲ್ಲಿದೆ. ಗಂಡ ಹೆಂಡತಿಯನ್ನು ಹೀಗೆ ಅಗಲಿಸಿದವರು ಯಾರೋ!

ಇನ್ನು ವಾರದ ಲೆಕ್ಕ. ತಾಜಮಹಲಿಗೆ ಶುಕ್ರವಾರ ರಜೆ. ಕೆಂಪುಕೋಟೆಗೂ ಭೋಪಾಲಿನ ಸಂಗ್ರಹಾಲಯಕ್ಕೂ ಸೋಮವಾರ ರಜೆ. ಭಾನುವಾರ ಸಂಜೆ ಬೆಂಗಳೂರು ಬಿಟ್ಟರೆ ಸೋಮವಾರ ರೈಲಿನಲ್ಲಿ ಕಳೆಯುತ್ತದೆ, ಮಂಗಳವಾರ ಆಗ್ರಾ, ಬುಧವಾರದಿಂದ ಶುಕ್ರವಾರದವರೆಗೆ ದೆಹಲಿ, ಶನಿವಾರ ಭೋಪಾಲ್, ಭಾನುವಾರ ಸಾಂಚಿ. ಯಾವ ಬಾಗಿಲೂ ಮುಚ್ಚಿರುವುದಿಲ್ಲ. ಡಿಸೆಂಬರ್ ಬೇಡ, ಉತ್ತರದ ಮಂಜಿಗೆ ರೈಲು ತಡವಾಗುತ್ತದೆ, ಚಳಿಗೆ ನಮ್ಮ ಮಕ್ಕಳ ಸ್ವೆಟರು ಸಾಲದು. ದಸರಾ ರಜೆ ಸರಿ.

ಖರ್ಚಿನ ವಿಷಯ ತಾಯಂದಿರು ಕೇಳಿಸಿಕೊಳ್ಳಬೇಕು. ಗ್ರಾಮೀಣ ಸರ್ಕಾರಿ ಶಾಲೆಯ ಮಕ್ಕಳು ವರ್ಷಕ್ಕೊಮ್ಮೆ ಅಧ್ಯಯನ ಪ್ರವಾಸ ಹೊರಟರೆ ರೈಲ್ವೆಯ ಎರಡನೇ ದರ್ಜೆಯಲ್ಲಿ ನೂರಕ್ಕೆ 75ರಷ್ಟು ರಿಯಾಯಿತಿ ಇದೆ. ಪುರಾತತ್ವ ಇಲಾಖೆಯ ಸ್ಮಾರಕಗಳಲ್ಲಿ 15 ವರ್ಷದೊಳಗಿನ ಮಕ್ಕಳಿಗೆ ಪ್ರವೇಶ ಶುಲ್ಕವಿಲ್ಲ. ಹತ್ತನೇ ತರಗತಿ ಬಿಟ್ಟು ಒಂಬತ್ತನೇ ತರಗತಿ ಹಿಡಿದದ್ದಕ್ಕೆ ಇದೂ ಒಂದು ಕಾರಣ. ಒಂಬತ್ತು ಊರಿನ ಖರ್ಚಿನಲ್ಲಿ ಹೋಗಬಹುದಾಗಿದ್ದುದು ಇಪ್ಪತ್ತು ಮಕ್ಕಳು, ಉಳಿದವರು ಮನೆಯಲ್ಲಿ. ಮೂರು ಊರಾದರೆ ನಲವತ್ತೆರಡು ಮಕ್ಕಳೂ ಹೋಗುತ್ತಾರೆ, ಯಾರ ಮನೆಯವರೂ ಕೈಯಿಂದ ಹಣ ಹಾಕಬೇಕಾಗಿಲ್ಲ. ಹತ್ತು ದಿನ ಮುದ್ದೆ ಸಿಗುವುದಿಲ್ಲ, ಅಷ್ಟೇ ತೊಂದರೆ.

ಜೊತೆಗೆ ಇಬ್ಬರು ಮೇಡಂ, ಇಬ್ಬರು ಮೇಷ್ಟ್ರು, ನಾನು ಬರುತ್ತೇವೆ. ಒಪ್ಪಿಗೆ ಪತ್ರಗಳು ಮುಖ್ಯೋಪಾಧ್ಯಾಯರ ಮೇಜಿನ ಮೇಲಿವೆ. ಇವತ್ತಿನ ಊಟ ಮುಗಿಸಿ ಹೋಗುವಾಗ ಸಹಿ ಹಾಕಿ. ಸಹಿ ಬರದವರು ಹೆಬ್ಬೆಟ್ಟು ಒತ್ತಿದರೂ ಆಯಿತು. ಆ ಅಜ್ಜ ನಿನ್ನೆಯೇ ಬಂದು ಒತ್ತಿ ಹೋಗಿದ್ದಾರೆ.