ದೃಢೀಕರಣ: ‘ಹೌದು’ ಎನ್ನುವ ಮುನ್ನ



ನಮ್ಮ ನಾಡಿನ ಕೆಲವು ಮನೆತನಗಳಲ್ಲಿ ಮಕ್ಕಳಿಗೆ ಉಪನಯನವನ್ನೋ ಲಿಂಗದೀಕ್ಷೆಯನ್ನೋ ಮಾಡಿಸುವುದನ್ನು ನೀವು ಬಲ್ಲಿರಿ. ಕಥೋಲಿಕ ಕ್ರೈಸ್ತರ ಮನೆಗಳಲ್ಲಿ ಬೆಳೆಯುತ್ತಿರುವ ಮಕ್ಕಳು ಪಡೆಯುವ ಒಂದು ಸಂಸ್ಕಾರಕ್ಕೆ ದೃಢೀಕರಣ ಎಂದು ಹೆಸರು. ಇವೆಲ್ಲ ಒಂದೇ ಎಂದು ನಾನು ಹೇಳುತ್ತಿಲ್ಲ. ಆದರೆ ನಿಮ್ಮ ಪಕ್ಕದ ಬೆಂಚಿನ ಗೆಳೆಯನೋ ಗೆಳತಿಯೋ ಭಾನುವಾರದ ಆಟ ಬಿಟ್ಟು ಧರ್ಮೋಪದೇಶದ ತರಗತಿಗೆ ಹೋಗುತ್ತಿದ್ದರೆ, ಅಲ್ಲಿ ಏನು ನಡೆಯುತ್ತದೆ ಎಂಬ ಕುತೂಹಲ ಸಹಜ.

ಕಥೋಲಿಕ ಧರ್ಮಸಭೆಯಲ್ಲಿ ಏಳು ಸಂಸ್ಕಾರಗಳಿವೆ. ಮೊದಲನೆಯದು ಜ್ಞಾನಸ್ನಾನ. ಅದು ಸಾಮಾನ್ಯವಾಗಿ ಹಸುಗೂಸಿಗೇ ಆಗಿಬಿಡುತ್ತದೆ. ಮಗು ಮಾತಾಡಲಾರದು, ಆದ್ದರಿಂದ ತಂದೆತಾಯಿಗಳೂ ಜ್ಞಾನಪಿತ, ಜ್ಞಾನಮಾತೆಯರೂ ವಿಶ್ವಾಸದ ಪ್ರತಿಜ್ಞೆ ಮಾಡುತ್ತಾರೆ. ದೃಢೀಕರಣದ ದಿನ ಅದೇ ಪ್ರಶ್ನೆಗಳು ಮತ್ತೆ ಬರುತ್ತವೆ. ಈ ಸಲ ಉತ್ತರಿಸಬೇಕಾದವರು ಮಕ್ಕಳೇ. ನನ್ನ ದೃಷ್ಟಿಯಲ್ಲಿ ಸಿದ್ಧತೆಯ ತಿರುಳೆಲ್ಲ ಇಲ್ಲಿದೆ. ಬೇರೆಯವರು ನಮ್ಮ ಪರವಾಗಿ ಆಡಿದ ಮಾತನ್ನು ನಾವು ನಮ್ಮದೆಂದು ಒಪ್ಪುತ್ತೇವೆಯೇ?

ಸಮಾರ್ಯದ ವಿಶ್ವಾಸಿಗಳ ಮೇಲೆ ಪೇತ್ರ, ಯೊವಾನ್ನರು ಕೈಯಿಟ್ಟು ಪವಿತ್ರಾತ್ಮರಿಗಾಗಿ ಪ್ರಾರ್ಥಿಸಿದ ಪ್ರಸಂಗ ಬೈಬಲಿನಲ್ಲಿದೆ. ಈ ಸಂಸ್ಕಾರದ ಬೇರನ್ನು ಧರ್ಮಸಭೆ ಅಲ್ಲಿ ಕಾಣುತ್ತದೆ. ಇದನ್ನು ನೀಡುವವರು ಸಾಮಾನ್ಯವಾಗಿ ಧರ್ಮಾಧ್ಯಕ್ಷರು, ಅಂದರೆ ಬಿಷಪ್ಪರು. ಯಲ್ಲದಕೆರೆ ಇರುವ ಚಿತ್ರದುರ್ಗ ಜಿಲ್ಲೆ 1988ರಲ್ಲಿ ಸ್ಥಾಪನೆಯಾದ ಶಿವಮೊಗ್ಗ ಧರ್ಮಕ್ಷೇತ್ರಕ್ಕೆ ಸೇರಿದೆ. ಶಿವಮೊಗ್ಗದಿಂದ ಹಿರಿಯೂರು ಸೀಮೆಗೆ ನೂರು ಕಿಲೋಮೀಟರಿಗೂ ಮಿಗಿಲಾದ ದಾರಿ. ಜಿಲ್ಲೆಯಲ್ಲಿ ಕ್ರೈಸ್ತರ ಸಂಖ್ಯೆಯೂ ಕಡಿಮೆ. ಹೀಗಾಗಿ ಇಂಥ ಕಡೆಗಳಲ್ಲಿ ಧರ್ಮಾಧ್ಯಕ್ಷರು ಬರುವುದೆಂದರೆ ಅದೊಂದು ಹಬ್ಬವೇ.

ಆ ದಿನ ಅವರು ಮಕ್ಕಳ ಮೇಲೆ ಕೈಚಾಚಿ ಪ್ರಾರ್ಥಿಸುತ್ತಾರೆ. ಬಳಿಕ ಹೆಬ್ಬೆರಳನ್ನು ಪವಿತ್ರ ತೈಲದಲ್ಲಿ ಅದ್ದಿ, ಹೆಸರು ಹಿಡಿದು ಕರೆದು, ಹಣೆಯ ಮೇಲೆ ಶಿಲುಬೆಯ ಗುರುತು ಹಾಕುತ್ತಾರೆ. ಓಲಿವ್ ಎಣ್ಣೆಗೆ ಅಥವಾ ಬೇರೆ ಸಸ್ಯಜನ್ಯ ಎಣ್ಣೆಗೆ ಸುಗಂಧದ್ರವ್ಯ ಬೆರೆಸಿ ಮಂತ್ರಿಸಿದ ತೈಲವದು. ಹಳೆಯ ಕ್ರಮದಲ್ಲಿ ಕೆನ್ನೆಗೆ ಮೆಲ್ಲನೆ ಒಂದು ಏಟನ್ನೂ ಕೊಡುತ್ತಿದ್ದರು, ಕಷ್ಟ ಸಹಿಸಲು ಸಿದ್ಧನಾಗು ಎಂಬ ಅರ್ಥದಲ್ಲಿ! ಆರನೆಯ ಪೌಲರು 1971ರಲ್ಲಿ ವಿಧಿಯನ್ನು ಪರಿಷ್ಕರಿಸಿದಾಗ ಅದು ಬಿಟ್ಟುಹೋಯಿತು. ಅಜ್ಜ ಅಜ್ಜಿಯರನ್ನು ಕೇಳಿದರೆ ಆ ಏಟಿನ ಕತೆ ಸಿಗಬಹುದು.

ಇನ್ನು ತರಗತಿ. ಪ್ರಶ್ನೋತ್ತರಗಳನ್ನು ಬಾಯಿಪಾಠ ಮಾಡಿಸುವುದು ಹಳೆಯ ರೂಢಿ. ಜ್ಞಾನ, ವಿವೇಕ, ಸದಾಲೋಚನೆ, ಧೈರ್ಯ, ಅರಿವು, ಭಕ್ತಿ, ದೈವಭಯ ಎಂದು ಪವಿತ್ರಾತ್ಮರ ಏಳು ವರಗಳನ್ನು ಮಗ್ಗಿಯಂತೆ ಒಪ್ಪಿಸುವ ಮಕ್ಕಳಿದ್ದಾರೆ. ಬಾಯಿಪಾಠವನ್ನು ನಾನು ಹಳಿಯುವುದಿಲ್ಲ. ನೆನಪಿನಲ್ಲಿ ಇಲ್ಲದ್ದನ್ನು ಯೋಚಿಸುವುದಾದರೂ ಹೇಗೆ? ಆದರೆ ‘ಧೈರ್ಯ’ ಎಂಬ ಪದ ಒಪ್ಪಿಸಿದ ಹುಡುಗ, ಗೆಳೆಯರೆಲ್ಲ ಸೇರಿ ಒಬ್ಬ ಬಡಪಾಯಿಯನ್ನು ಗೇಲಿ ಮಾಡುವಾಗ ಏನು ಮಾಡುತ್ತಾನೆ? ಪರೀಕ್ಷೆಯಲ್ಲಿ ಚೀಟಿ ಕೈಗೆ ಬಂದರೆ? ಉಪದೇಶಿಗಳು ಇಂಥ ಪ್ರಶ್ನೆ ಎತ್ತಿದಾಗ ಮಕ್ಕಳು ತಲೆ ಎತ್ತಿ ಕೇಳುತ್ತಾರೆ.

ಭಾಷೆಯ ಮಾತೂ ಇಲ್ಲಿದೆ. 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣಕ್ಕೆ ಬಂದ ಇಟಲಿಯ ಜೆಸ್ವಿತ್ ಗುರು ಲಿಯೊನಾರ್ಡೊ ಚಿನ್ನಮಿ ಕನ್ನಡ ಕಲಿತು ಕನ್ನಡದಲ್ಲೇ ಧರ್ಮೋಪದೇಶದ ಪುಸ್ತಕ ಬರೆದರು. ಪೂಜಾವಿಧಿ ಮಾತ್ರ ಲ್ಯಾಟಿನಿನಲ್ಲೇ ಉಳಿದಿತ್ತು. ಎರಡನೆಯ ವ್ಯಾಟಿಕನ್ ಮಹಾಸಭೆ 1963ರಲ್ಲಿ ಜನರ ಭಾಷೆಗಳಿಗೆ ಬಾಗಿಲು ತೆರೆದ ಮೇಲೆ, ಮಗು ತನಗೆ ತಿಳಿಯುವ ಮಾತಿನಲ್ಲೇ ‘ಹೌದು’ ಎನ್ನುವಂತಾಯಿತು.

ಒಂದು ಸಂಗತಿಯನ್ನು ಅನೇಕ ಹೆತ್ತವರು ಗಮನಿಸುವುದಿಲ್ಲ. ಜೊತೆಯವರೆಲ್ಲ ಪಡೆಯುತ್ತಿದ್ದಾರೆ, ಹೊಸ ಬಟ್ಟೆ ತಂದಾಗಿದೆ, ನೆಂಟರಿಗೆ ಹೇಳಿಯಾಗಿದೆ ಎಂದು ಮಗುವನ್ನು ಸಾಲಿನಲ್ಲಿ ನಿಲ್ಲಿಸುತ್ತಾರೆ. ತಿಳಿವಳಿಕೆ ಬಂದವರು ತಕ್ಕ ಶಿಕ್ಷಣ ಪಡೆದು, ಸಿದ್ಧಮನಸ್ಸಿನಿಂದ ಪ್ರತಿಜ್ಞೆಯನ್ನು ನವೀಕರಿಸುವಂತಿರಬೇಕು ಎನ್ನುತ್ತದೆ 1983ರ ಧರ್ಮಸಭೆಯ ಕಾನೂನು. ‘ಫಾದರ್, ನನಗಿನ್ನೂ ಸ್ಪಷ್ಟವಾಗಿಲ್ಲ, ಮುಂದಿನ ಸಲ ಪಡೆಯುತ್ತೇನೆ’ ಎಂದು ಒಬ್ಬ ಹುಡುಗಿ ಹೇಳಿದರೆ ಅವಳನ್ನು ಗದರಿಸಬೇಕಾಗಿಲ್ಲ. ಅವಳ ಜ್ಞಾನಮಾತೆ ಪಕ್ಕದಲ್ಲಿ ಕುಳಿತು, ಯಾವುದು ಸ್ಪಷ್ಟವಾಗಿಲ್ಲ ಎಂದು ಕೇಳಬಹುದು.