ಮಹಜರಿಗೆ ಮೊದಲು ಪಟ್ಟಿ



ನಮ್ಮ ಹರವೆ ಸುತ್ತಿನವರಿಗೆ ಆಸ್ಪತ್ರೆ ಅಂದರೆ ಒಂದು ಕಡೆ ಚಾಮರಾಜನಗರ, ಇನ್ನೊಂದು ಕಡೆ ಗುಂಡ್ಲುಪೇಟೆ. ಅರಿಶಿನದ ಲಾರಿ, ಚೆಂಡುಹೂವಿನ ಟೆಂಪೋ, ಹಾಲಿನ ಕ್ಯಾನು ಕಟ್ಟಿದ ಮೊಪೆಡ್ಡು ಎಲ್ಲ ಓಡಾಡುವ ರಸ್ತೆಯಲ್ಲಿ ಯಾರಾದರೂ ಬಿದ್ದರೆ ಜನ ಸೇರುತ್ತಾರೆ, ಆದರೆ ಮುಟ್ಟುವುದಿಲ್ಲ. “ಪೊಲೀಸ್ನೋರು ಬರ್ಲಿ ತಡೀರಿ, ಆಮೇಲೆ ಕೋರ್ಟು-ಕಚೇರಿ ಅಂತ ಯಾರು ಅಲೀತಾರೆ?” ಅನ್ನುತ್ತಾರೆ. ಪೊಲೀಸರು ಬಂದು ಮೊದಲು ಏನು ಮಾಡಬೇಕು, ಗಾಯ ಕಟ್ಟಬೇಕೋ ಮಹಜರು ಬರೆಯಬೇಕೋ? ಈ ಪ್ರಶ್ನೆಗೇ ಒಂದು ಚರಿತ್ರೆಯಿದೆ.

ಪ್ರಥಮ ಚಿಕಿತ್ಸೆಯನ್ನು ಜನಸಾಮಾನ್ಯರಿಗೆ ಕಲಿಸುವ ಪಾಠ ಮೊದಲಾದದ್ದು 1878ರಲ್ಲಿ, ಲಂಡನ್ ಪಕ್ಕದ ವುಲಿಚ್‌ನಲ್ಲಿ. ಕಲಿಸಿದವರಲ್ಲಿ ಒಬ್ಬ ಪೀಟರ್ ಶೆಫರ್ಡ್ ಎಂಬ ಸೇನಾ ವೈದ್ಯ. ಮರುವರ್ಷ ಜನವರಿಯಲ್ಲೇ ಆತ ಆಫ್ರಿಕಾದ ಜುಲು ಯುದ್ಧದಲ್ಲಿ ಸತ್ತ; ಆತ ಬರೆದಿಟ್ಟ ಟಿಪ್ಪಣಿಯೇ ಪಠ್ಯವಾಯಿತು. ಸೇಂಟ್ ಜಾನ್ ಆಂಬುಲೆನ್ಸ್ ಸಂಸ್ಥೆ ಅದನ್ನು ಪೊಲೀಸರಿಗೆ, ರೈಲ್ವೆಯವರಿಗೆ, ಗಣಿ ಕೆಲಸಗಾರರಿಗೆ ಕಲಿಸಿತು. ಜರ್ಮನಿಯ ಶಸ್ತ್ರವೈದ್ಯ ಎಸ್ಮಾರ್ಕ್ ಜನಪ್ರಿಯಗೊಳಿಸಿದ ತ್ರಿಕೋನ ಪಟ್ಟಿಯ ಬಟ್ಟೆ ಮೇಲೇ, ಅದನ್ನು ಹೇಗೆ ಕಟ್ಟಬೇಕೆಂಬ ಚಿತ್ರ ಅಚ್ಚಾಗಿರುತ್ತಿತ್ತು! ನಮ್ಮವರ ಹೆಗಲ ಮೇಲಿನ ಟವೆಲ್ಲೂ ಅದೇ ಕೆಲಸಕ್ಕೆ ಆಗುತ್ತದೆ, ಚಿತ್ರ ಮಾತ್ರ ಇಲ್ಲ.

ನಮ್ಮಲ್ಲಿ 1963ರ ಕರ್ನಾಟಕ ಪೊಲೀಸ್ ಕಾಯ್ದೆಯೇ ಬೀದಿಯಲ್ಲಿ ಅಸಹಾಯಕರಾಗಿ ಬಿದ್ದವರಿಗೆ ಕೈಲಾದ ನೆರವು ಕೊಡುವುದು ಪೊಲೀಸರ ಕರ್ತವ್ಯ ಎಂದಿದೆ. ಆದರೆ ಪೇದೆ ಗಾಯಾಳುವನ್ನು ಹೊತ್ತು ತಂದರೂ ಆಸ್ಪತ್ರೆಯ ಬಾಗಿಲಲ್ಲಿ “ಇದು ಎಂಎಲ್‌ಸಿ ಕೇಸು”, ಅಂದರೆ ಪೊಲೀಸರಿಗೆ ತಿಳಿಸಬೇಕಾದ ಪ್ರಕರಣ, ಎಂಬ ಮಾತು ಎದುರಾಗುತ್ತಿತ್ತು. ಅಂಥದ್ದೇ ಒಂದು ಪ್ರಸಂಗ: ಸ್ಕೂಟರ್ ಸವಾರನೊಬ್ಬನಿಗೆ ಕಾರು ಬಡಿಯಿತು. ದಾರಿಹೋಕನೊಬ್ಬ ಅವನನ್ನು ಹತ್ತಿರದ ಆಸ್ಪತ್ರೆಗೆ ಒಯ್ದ. ಇಂಥ ಕೇಸು ನಾವು ನೋಡುವುದಿಲ್ಲ, ಇಪ್ಪತ್ತು ಕಿಲೋಮೀಟರ್ ಆಚೆಯ ಆಸ್ಪತ್ರೆಗೆ ಹೋಗಿ ಎಂದರು ಅಲ್ಲಿನವರು. ದಾರಿಯಲ್ಲೇ ಜೀವ ಹೋಯಿತು. ಪತ್ರಿಕೆಯಲ್ಲಿ ಬಂದ ಈ ಸುದ್ದಿ ಹಿಡಿದು ಪರಮಾನಂದ ಕಟಾರಾ ಎಂಬವರು ಸುಪ್ರೀಂ ಕೋರ್ಟಿಗೆ ಹೋದರು. 1989ರ ಆಗಸ್ಟ್ 28ರಂದು ತೀರ್ಪು ಬಂತು: ಮೊದಲು ಜೀವ ಉಳಿಸಬೇಕು, ಪೊಲೀಸರ ವಿಧಿವಿಧಾನ ಆಮೇಲೆ, ಸರ್ಕಾರಿ ವೈದ್ಯರಾಗಲಿ ಖಾಸಗಿ ವೈದ್ಯರಾಗಲಿ ಇದು ಎಲ್ಲರಿಗೂ ಅನ್ವಯ. ನನ್ನನ್ನು ಕೇಳಿದರೆ, ಪೇದೆಯ ಕೈಯಲ್ಲಿನ ಪಟ್ಟಿಗೆ ಬೆಲೆ ಬಂದದ್ದೇ ಅಂದು.

ಬೇರೆ ದೇಶಗಳಲ್ಲಿ ಪೊಲೀಸರು ಇನ್ನೂ ಮುಂದೆ ಹೋಗಿದ್ದರು. ಅಮೆರಿಕದ ಮೇರಿಲ್ಯಾಂಡ್ ಪೊಲೀಸರು 1970ರಿಂದಲೇ ಗಾಯಾಳುಗಳನ್ನು ಹೆಲಿಕಾಪ್ಟರಿನಲ್ಲಿ ಸಾಗಿಸುತ್ತಿದ್ದರು. ಫಿಲಡೆಲ್ಫಿಯಾದಲ್ಲಿ ಗುಂಡೇಟು ತಿಂದವರನ್ನು ಆಂಬುಲೆನ್ಸಿಗೆ ಕಾಯದೆ ಪೊಲೀಸ್ ಕಾರಿನಲ್ಲೇ ಒಯ್ಯುವ ರೂಢಿ ಇದೆ. ಹಾಗೆಂದು ಎಲ್ಲರನ್ನೂ ಜೀಪಿಗೆ ಎತ್ತಿಹಾಕುವುದು ಚಿಕಿತ್ಸೆಯಲ್ಲ. ಬೆನ್ನುಮೂಳೆಗೆ ಪೆಟ್ಟಾದವರನ್ನು ಕೈಕಾಲು ಹಿಡಿದು ಎತ್ತಿದರೆ ಉಳಿದ ಜೀವವೂ ಹಾಸಿಗೆ ಹಿಡಿಯುತ್ತದೆ.

ನಮ್ಮ ರಾಜ್ಯಕ್ಕೆ 108 ಆಂಬುಲೆನ್ಸ್ ಸೇವೆ ಬಂದದ್ದು 2008ರ ನವೆಂಬರ್ 1ರಂದು. 2016ರ ಫೆಬ್ರವರಿಯಲ್ಲಿ ಗುಬ್ಬಿ ಕಡೆಯಿಂದ ಬೆಂಗಳೂರಿಗೆ ಬರುತ್ತಿದ್ದ ಹರೀಶ್ ಎಂಬ ಯುವಕನ ದೇಹ ನೆಲಮಂಗಲದ ಬಳಿ ಲಾರಿಯಡಿ ಸಿಕ್ಕಿ ತುಂಡಾಯಿತು. ಆ ಸ್ಥಿತಿಯಲ್ಲೂ ಅವರು ಅಂಗದಾನ ಮಾಡಿಸಿ ಎಂದು ಕೇಳಿಕೊಂಡರು; ಸುತ್ತ ನಿಂತ ಕೆಲವರು ಮೊಬೈಲಿನಲ್ಲಿ ಚಿತ್ರ ಹಿಡಿಯುತ್ತಿದ್ದರು. ಹರೀಶ್ ಅವರ ಹೆಸರಿನಲ್ಲೇ ಆ ವರ್ಷ ರಾಜ್ಯ ಸರ್ಕಾರದ ಸಾಂತ್ವನ ಯೋಜನೆ ಬಂತು: ಮೊದಲ 48 ಗಂಟೆಗಳ ಚಿಕಿತ್ಸೆಗೆ 25,000 ರೂಪಾಯಿವರೆಗೆ. 2025ರಲ್ಲಿ ಕೇಂದ್ರ ಸರ್ಕಾರ ರಸ್ತೆ ಅಪಘಾತದ ಗಾಯಾಳುಗಳಿಗೆ ಏಳು ದಿನ, ಒಂದೂವರೆ ಲಕ್ಷದವರೆಗೆ ನಗದುರಹಿತ ಚಿಕಿತ್ಸೆ ತಂದಿತು.

ಆದರೂ ಮೊದಲ ಹತ್ತು ನಿಮಿಷ ಅಲ್ಲಿರುವುದು ನೀವೇ. ರಕ್ತ ಚಿಮ್ಮುತ್ತಿದ್ದರೆ ಶುದ್ಧವಾದ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪ್ರಜ್ಞೆಯಿಲ್ಲದವರ ಬಾಯಿಗೆ ನೀರು ಹಾಕಬೇಡಿ. 112ಕ್ಕೋ 108ಕ್ಕೋ ಕರೆ ಮಾಡಿದಾಗ ಊರಿನ ಹೆಸರೊಂದೇ ಸಾಲದು. ಕಿಲೋಮೀಟರ್ ಕಲ್ಲು, ಶಾಲೆ, ದೇವಸ್ಥಾನ, ಕಂಡದ್ದನ್ನು ಹೇಳಿ. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದ ಮೇಲೆ ನಿಮ್ಮ ಹೆಸರು, ವಿಳಾಸ ಕೊಡಲೇಬೇಕೆಂದು ಯಾವ ಪೊಲೀಸರೂ ಒತ್ತಾಯಿಸುವಂತಿಲ್ಲ. ಮೋಟಾರು ವಾಹನ ಕಾನೂನೇ ಹಾಗೆ ಹೇಳುತ್ತದೆ.