ಆಟದ ಗೊಂಬೆಗೆ ಎಲುಬಿನ ಗೂಡು



ವಿಡಿಯೋ ಆಟದ ಮುಂದೆ ಕುಳಿತ ಮಕ್ಕಳು ಊಟಕ್ಕೂ ಏಳುವುದಿಲ್ಲವೆಂಬ ದೂರು ನಮ್ಮೆಲ್ಲರ ಮನೆಗಳಲ್ಲಿಯೂ ಉಂಟು. ಅದೇ ಮಕ್ಕಳಲ್ಲಿ ಕೆಲವರು ಈಗ ಅಂತಹ ಗೊಂಬೆಗಳನ್ನು ತಾವೇ ಕಟ್ಟಬಯಸುತ್ತಾರೆ. ಯಕ್ಷಗಾನದ ವೇಷವೊಂದನ್ನು ತೆರೆಯ ಮೇಲೆ ಕುಣಿಸಬಹುದೆ ಎಂದು ಕೇಳುತ್ತಾರೆ. ಖಂಡಿತವಾಗಿ ಕುಣಿಸಬಹುದು. ಆದರೆ ಅದಕ್ಕೆ ಮೊದಲು ಎಲುಬುಗಳನ್ನು ಕ್ರಮವಾಗಿ ಜೋಡಿಸಬೇಕು.

1996ರಲ್ಲಿ ಬಂದ ಕ್ವೇಕ್ ಆಟದ ರಾಕ್ಷಸರಿಗೆ ಎಲುಬೇ ಇರಲಿಲ್ಲ. ಚಲನೆಯ ಒಂದೊಂದು ಚೌಕಟ್ಟಿಗೂ ಮೈಮೇಲಿನ ಎಲ್ಲ ಬಿಂದುಗಳ ಸ್ಥಾನವನ್ನೂ ಬರೆದಿಡುತ್ತಿದ್ದರು. 1998ರ ಹಾಫ್-ಲೈಫ್ ಆಟವು ಬೇರೆ ದಾರಿ ಹಿಡಿಯಿತು: ಬಿಂದುಗಳನ್ನು ಒಮ್ಮೆ ಎಲುಬುಗಳಿಗೆ ಕಟ್ಟುವುದು, ಅನಂತರ ಎಲುಬುಗಳನ್ನು ಮಾತ್ರ ಆಡಿಸುವುದು.

ಈ ಎಲುಬುಗಳ ಸಂಬಂಧ ವಂಶವೃಕ್ಷದಂತಹುದು. ಸೊಂಟವೇ ಮೂಲಪುರುಷ. ಅದರ ಸಂತಾನ ತೊಡೆಗಳು ಮತ್ತು ಬೆನ್ನು. ಬೆನ್ನಿನಿಂದ ಕುತ್ತಿಗೆ ಹಾಗೂ ಹೆಗಲು, ಹೆಗಲಿನಿಂದ ತೋಳು, ಮುಂಗೈ, ಬೆರಳು. ತಂದೆ ತಿರುಗಿದರೆ ಮಕ್ಕಳು ಮೊಮ್ಮಕ್ಕಳೆಲ್ಲರೂ ತಿರುಗಬೇಕು. ಬೆರಳು ಮಡಿಚಿದರೆ ತೋಳಿಗೆ ಬಾಧೆಯಿಲ್ಲ. (ನಮ್ಮ ಅವಿಭಕ್ತ ಕುಟುಂಬಗಳಲ್ಲಿಯೂ ಇಷ್ಟು ಶಿಸ್ತು ಇರಲಿಲ್ಲವೆನ್ನಬೇಕು.) ಪ್ರತಿಯೊಂದು ಎಲುಬಿನ ಚಲನೆಯನ್ನೂ ಅದರ ತಂದೆಯನ್ನು ಆಧರಿಸಿಯೇ ದಾಖಲಿಸುವುದರಿಂದ, ಕುಣಿತವನ್ನೆಲ್ಲ ರಚಿಸಿದ ಮೇಲೆ ತಂದೆಯನ್ನು ಬದಲಿಸಿದರೆ ತಿಂಗಳುಗಟ್ಟಲೆಯ ಶ್ರಮ ಕೆಡುತ್ತದೆ. ಆದಕಾರಣ ವಂಶಾವಳಿಯನ್ನು ಮೊದಲೇ ಕಾಗದದ ಮೇಲೆ ಬರೆದುಕೊಳ್ಳುವುದು ಲೇಸು.

ಒಂದು ಬಿಂದುವನ್ನು ಸಾಮಾನ್ಯವಾಗಿ ನಾಲ್ಕು ಎಲುಬುಗಳವರೆಗೆ ಹಂಚಿ ಕಟ್ಟುತ್ತಾರೆ. ಪಾಲುಗಳ ಮೊತ್ತ 1 ಆಗಬೇಕು. ಮೊಣಕೈಯ ಚರ್ಮ ಮೃದುವಾಗಿ ಮಡಿಯುವುದು ಈ ಹಂಚಿಕೆಯಿಂದಲೇ. ಆದರೆ ಯಕ್ಷಗಾನದ ವೇಷಕ್ಕೆ ಇದೇ ತೊಡಕು. ಸಿದ್ಧವಾಗಿ ದೊರೆಯುವ ಮಾನವ ಗೊಂಬೆಯ ಮೇಲೆ ಭುಜಕೀರ್ತಿಯನ್ನು ಇಟ್ಟು, ಪಾಲುಗಳನ್ನು ಗಣಕಯಂತ್ರಕ್ಕೇ ಬಿಟ್ಟರೆ, ಅದು ಮರವನ್ನೂ ಮಾಂಸವೆಂದೇ ತಿಳಿಯುತ್ತದೆ. ವೇಷಧಾರಿ ಕೈಯೆತ್ತಿದೊಡನೆ ಭುಜಕೀರ್ತಿ ರಬ್ಬರಿನಂತೆ ಬಳುಕಿ, ಕರ್ಣನ ಗಾಂಭೀರ್ಯವೆಲ್ಲ ನಗೆಪಾಟಲಾಗುತ್ತದೆ. ಊರಿನ ಬಯಲಾಟವನ್ನು ಕಾಣದೆ ಬೆಳೆದ ನಮ್ಮ ಮಕ್ಕಳು ಅದನ್ನೇ ಯಕ್ಷಗಾನವೆಂದು ಭಾವಿಸಬಾರದಷ್ಟೆ. ಪರಿಹಾರ ಸುಲಭ: ಭುಜಕೀರ್ತಿಗೆ ಬೇರೊಂದು ಎಲುಬನ್ನಿತ್ತು, ತೋಳಿಗೆ ಬದಲು ಹೆಗಲಿಗೆ ಮಗುವಾಗಿಸಬೇಕು, ಅದರ ಬಿಂದುಗಳ ಪೂರ್ತಿ ಪಾಲನ್ನು ಆ ಒಂದೇ ಎಲುಬಿಗೆ ಕೊಡಬೇಕು. ಕಿರೀಟಕ್ಕೂ ಇದೇ ನಿಯಮ, ಅದರ ತಂದೆ ತಲೆ. ಇಂತಹ ಎಲುಬುಗಳನ್ನು ಕೊಂಬೆಯ ತುದಿಯಲ್ಲಿ ಸೇರಿಸುವುದರಿಂದ ಮೂಲ ಗೊಂಬೆಗಾಗಿ ರಚಿಸಿದ ನಡಿಗೆ, ಓಟಗಳೂ ಕೆಡುವುದಿಲ್ಲ.

ಬಡಗುತಿಟ್ಟಿನ ಮಂಡಿಕುಣಿತವು ನಿಜವಾದ ಪರೀಕ್ಷೆ. ಮೊಣಕಾಲೂರಿ ಗಿರಗಿರನೆ ಸುತ್ತುವಾಗ ಸೊಂಟ ತಗ್ಗುತ್ತದೆ, ಮೈ ತಿರುಗುತ್ತದೆ. ಇವೆರಡನ್ನೂ ಸೊಂಟದ ಎಲುಬಿಗೇ ಹೊರಿಸಿದರೆ ಮೊಣಕಾಲು ನೆಲದೊಳಗೆ ಹೂತಿತು ಅಥವಾ ಗಾಳಿಯಲ್ಲಿ ತೇಲಿತು. ಸೊಂಟಕ್ಕೂ ಒಬ್ಬ ತಂದೆಯನ್ನು, ನೆಲದ ಮೇಲೆ ಎರಡು ಪಾದಗಳ ನಡುವೆ, ಕಲ್ಪಿಸಬೇಕು. ತಿರುಗುವ ಕೆಲಸ ಅವನದು, ತಗ್ಗುವ ಕೆಲಸ ಸೊಂಟದ್ದು. ಪಾದಗಳ ಗುರಿಬಿಂದುಗಳನ್ನೂ ಈ ನೆಲದ ಎಲುಬಿಗೇ ಕಟ್ಟಿದರೆ ಕಾಲುಗಳು ಜಾರುವುದಿಲ್ಲ.

ಅಭ್ಯಾಸಕ್ಕೆ ಬ್ಲೆಂಡರ್ ಸಾಕು. 2002ರಿಂದ ಅದು ಮುಕ್ತ ತಂತ್ರಾಂಶವಾಗಿದೆ, ಹಣ ಕೊಡಬೇಕಾಗಿಲ್ಲ. ಎಡಬಲದ ಎಲುಬುಗಳಿಗೆ ಒಂದೇ ಕ್ರಮದ ಹೆಸರಿಟ್ಟರೆ ಎಡಗೈಗೆ ಮಾಡಿದ್ದನ್ನು ಅದು ಬಲಗೈಗೆ ತಾನೇ ಪ್ರತಿಬಿಂಬಿಸಿ ಕೊಡುತ್ತದೆ.